ಮೌಂಡರ್ ಕಾಲದ ಚಳಿ, ಈಗಿನ ಬಿಸಿ
1645ರಿಂದ 1715ರವರೆಗೆ, ಅಂದರೆ ಮೌಂಡರ್ ಕಾಲದಲ್ಲಿ, ಸೂರ್ಯನಲ್ಲಿ ಕಪ್ಪು ಕಲೆಗಳು ಬಹಳ ಕಡಿಮೆಯಿದ್ದವು, ಆಗ ಯುರೋಪಿನಲ್ಲಿ ಚಳಿಯೂ ಜೋರಾಗಿತ್ತು, ಹಾಗಾದರೆ ಈಗಿನ ಬಿಸಿಗೂ ಸೂರ್ಯನೇ ಕಾರಣವೇ ಎಂದು ಕೇಳಿದ್ದೀರಿ. ಸೂರ್ಯನ ಪ್ರಭಾವ ಇದೆ, ಆದರೆ ತುಂಬಾ ಸಣ್ಣದು. ಕಲೆಗಳು ಹೆಚ್ಚುಕಡಿಮೆಯಾದಂತೆ ಸುಮಾರು 11 ವರ್ಷಗಳ ಚಕ್ರದಲ್ಲಿ ಅದರ ಶಕ್ತಿ ಏರಿಳಿಯುವುದು ಶೇ. 0.1ರಷ್ಟು ಮಾತ್ರ. ಆಗಿನ ಚಳಿಯಲ್ಲಿ ಜ್ವಾಲಾಮುಖಿಗಳ ಪಾಲೂ ಇತ್ತು. ಚಳಿ ಶುರುವಾಗಿದ್ದೂ ಕಲೆಗಳು ಕಡಿಮೆಯಾಗುವ ಮುಂಚೆಯೇ.

1978ರಿಂದ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ಅಳೆಯುತ್ತಿವೆ. ಅದು ಹೆಚ್ಚುತ್ತಾ ಹೋಗಿಲ್ಲ, ಭೂಮಿ ಮಾತ್ರ ಕಾಯುತ್ತಲೇ ಇದೆ. ನನಗೆ ಎಲ್ಲಕ್ಕಿಂತ ಗಟ್ಟಿ ಅನಿಸುವ ಸಾಕ್ಷಿ ಇನ್ನೊಂದು. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು, ಅಲ್ವಾ? ಆದರೆ ನೆಲದ ಹತ್ತಿರದ ಗಾಳಿ ಕಾಯುತ್ತಿದ್ದರೆ, ಮೇಲಿನ ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದಾಗ ಆಗುವುದು ಹೀಗೆಯೇ.