ಕೊಲಂಬಸ್‌ನಲ್ಲೇ ಮನೆ ಮಾಡಿ

ದಾವಣಗೆರೆಯ ತಮ್ಮನಿಗೆ ನಮಸ್ಕಾರ. ಪುಣೆಯ ಕಮಿನ್ಸ್ ಇಂಜಿನ್ ಕಂಪನಿಯಿಂದ ಮೂರು ವರ್ಷದ ಮಟ್ಟಿಗೆ ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್‌ಗೆ ಕಳಿಸುತ್ತಿದ್ದಾರೆ, ಜೊತೆಗೆ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಬರುತ್ತಾರೆ ಅಂದಿರಿ. "ಊರು ತೀರಾ ಸಣ್ಣದಂತಲ್ಲ, ಇಂಡಿಯಾನಾಪೊಲಿಸ್‌ನಲ್ಲಿ ಮನೆ ಹಿಡಿದು ದಿನಾ ಓಡಾಡಿದರೆ ಹೇಗೆ?" ಅಂತ ಕೇಳಿದ್ದೀರಿ. ನಾನು 2009ರಲ್ಲಿ ಬಂದವನು. ಮೊದಲ ಎರಡು ವರ್ಷ ನೀವು ಹೇಳಿದ ಹಾಗೇ ಮಾಡಿದೆ. ಅದಕ್ಕೇ ಹೇಳುತ್ತಿದ್ದೇನೆ, ಬೇಡ.

ದೂರ ಬರೀ 45 ಮೈಲಿ, ಹೈವೇ 65ರಲ್ಲಿ ಒಂದು ಗಂಟೆಯೊಳಗಿನ ದಾರಿ. ಸೆಪ್ಟೆಂಬರಿನಲ್ಲಿ ಸುಖವಾಗಿಯೇ ಇರುತ್ತದೆ. ಜನವರಿಯ ಬೆಳಿಗ್ಗೆ ಆರೂವರೆಗೆ, ಇನ್ನೂ ಕತ್ತಲು, ಎರಡು ಲಾರಿಗಳ ನಡುವೆ ಸಿಕ್ಕಿಕೊಂಡಾಗ ಗೊತ್ತಾಗುತ್ತದೆ. ರಸ್ತೆ ಒದ್ದೆಯಾಗಿದೆ ಅಂದುಕೊಂಡಿದ್ದೆ, ಅದು ನೀರಲ್ಲ, ಮಂಜುಗಡ್ಡೆ. ಕಾರು ತನ್ನ ಪಾಡಿಗೆ ತಾನು ಹೋಗಿ ಪಕ್ಕದ ತಗ್ಗಿನಲ್ಲಿ ಕೂತಿತು. ಹಳೇ ಪಿಕಪ್‌ನಲ್ಲಿ ಬಂದ ರೈತನೊಬ್ಬ ಸರಪಳಿ ಕಟ್ಟಿ ಎಳೆದು ಕೊಟ್ಟ. ಕಾಸು ಕೊಡಲು ಹೋದರೆ ಕೈಯಾಡಿಸಿ ಹೊರಟೇಬಿಟ್ಟ. ಆವತ್ತು ಆಫೀಸಿಗೆ ಹೋಗಿ ಕೂತಾಗ ಇನ್ನೊಂದು ವಿಷಯ ಹೊಳೆಯಿತು: ಎರಡು ವರ್ಷದಿಂದ ಈ ಊರಿಗೆ ಬರುತ್ತಿದ್ದೇನೆ, ಪಾರ್ಕಿಂಗ್ ಜಾಗ ಬಿಟ್ಟು ನನಗೆ ಬೇರೇನೂ ಗೊತ್ತಿಲ್ಲ.

ಊರು ಸಣ್ಣದು, ಸುಳ್ಳು ಹೇಳುವುದಿಲ್ಲ. 2020ರ ಜನಗಣತಿಯಲ್ಲಿ ಜನಸಂಖ್ಯೆ ಐವತ್ತು ಸಾವಿರ ಚಿಲ್ಲರೆ, ನಿಮ್ಮ ಹರಿಹರಕ್ಕಿಂತ ಚಿಕ್ಕದು. ಆದರೆ ಇದು ಬಾರ್ಥಲೊಮ್ಯೂ ಕೌಂಟಿಯ ಕೇಂದ್ರ, ಇಲ್ಲಿನವರ ಬಾಯಲ್ಲಿ ಕೌಂಟಿ ಸೀಟ್. ನಮ್ಮ ತಾಲ್ಲೂಕು ಕೇಂದ್ರ ಅಂದುಕೊಳ್ಳಿ. ಇಂಡಿಯಾನಾದ 92 ಕೌಂಟಿಗಳಲ್ಲಿ ಅಕ್ಷರಮಾಲೆಯ ಪ್ರಕಾರ ಮೂರನೆಯದು, ಹಾಗಾಗಿ ಕಾರಿನ ನಂಬರ್ ಪ್ಲೇಟಿನ ಮೇಲೆ ಪುಟ್ಟದಾಗಿ 03 ಅಂತ ಬರುತ್ತದೆ, ನಿಮ್ಮ ಕೆಎ-17 ಇದ್ದ ಹಾಗೆ. ಊರ ನಡುವೆ 1874ರ ಕೋರ್ಟ್‌ಹೌಸ್, ಕೆಂಪು ಇಟ್ಟಿಗೆ, ಮೇಲೆ ಗಡಿಯಾರದ ಗೋಪುರ. ಮದುವೆಯ ಲೈಸೆನ್ಸ್, ಆಸ್ತಿ ತೆರಿಗೆ, ಜಮೀನಿನ ದಾಖಲೆ, ಎಲ್ಲಕ್ಕೂ ಕೌಂಟಿಯೇ ದಿಕ್ಕು. ಮುಂದೆ ಮನೆ ಕೊಂಡರೆ ಮೇ 10 ಮತ್ತು ನವೆಂಬರ್ 10 ಎರಡೂ ತಾರೀಕು ಗೋಡೆಗೆ ಬರೆದಿಟ್ಟುಕೊಳ್ಳಿ, ತೆರಿಗೆಯ ಕಂತಿನ ಗಡುವು. ಕೌಂಟಿಯ ಪೊಲೀಸ್ ಮುಖ್ಯಸ್ಥ ಶೆರಿಫ್‌ನಿಂದ ಹಿಡಿದು ಸರ್ವೇಯರ್‌ವರೆಗೆ ಎಲ್ಲರೂ ಓಟು ಕೇಳಿ ಗೆದ್ದವರೇ. ಅಸಹಜ ಸಾವಿನ ತನಿಖೆ ಮಾಡುವ ಕೊರೋನರ್ ಕೂಡ! ಅವರ ಪ್ರಚಾರದ ಬೋರ್ಡು ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ.

ಈ ಪುಟ್ಟ ಊರಿಗೆ ಕಟ್ಟಡ ನೋಡುವುದಕ್ಕೆಂದೇ ಜನ ಬರುತ್ತಾರೆ, ಗೊತ್ತಾ? ನಿಮ್ಮ ಕಂಪನಿಯಿಂದಲೇ ಆದ ಕೆಲಸ ಅದು. ಬ್ಯಾಂಕರ್ ವಿಲಿಯಂ ಇರ್ವಿನ್ ಅವರ ಕಾರು ಓಡಿಸುತ್ತಿದ್ದ ಕ್ಲೆಸಿ ಕಮಿನ್ಸ್ 1919ರಲ್ಲಿ ಅವರದೇ ದುಡ್ಡಿನ ಬಲದಿಂದ ಇಂಜಿನ್ ಕಂಪನಿ ಶುರು ಮಾಡಿದರು. ಆಮೇಲೆ ಅದನ್ನು ಬೆಳೆಸಿದವರು ಅದೇ ಮನೆತನದ ಜೆ. ಇರ್ವಿನ್ ಮಿಲ್ಲರ್. 1950ರ ದಶಕದಲ್ಲಿ ಅವರು ಊರಿಗೆ ಒಂದು ಮಾತು ಕೊಟ್ಟರು: ಹೊಸ ಶಾಲೆ ಕಟ್ಟುವಾಗ ನಾವು ಕೊಡುವ ಪಟ್ಟಿಯಿಂದ ಒಳ್ಳೆಯ ವಾಸ್ತುಶಿಲ್ಪಿಯನ್ನು ಆರಿಸಿಕೊಳ್ಳಿ, ಅವರ ಫೀಸು ನಮ್ಮ ಫೌಂಡೇಶನ್ ಕೊಡುತ್ತದೆ. ಶಾಲೆಗೆ ಶುರುವಾದದ್ದು ಫೈರ್ ಸ್ಟೇಷನ್‌ವರೆಗೂ ಹಬ್ಬಿತು. ನಾಲ್ಕನೇ ಫೈರ್ ಸ್ಟೇಷನ್ ರಾಬರ್ಟ್ ವೆಂಚುರಿಯವರದ್ದು, 1968. ಲೈಬ್ರರಿ ಐ. ಎಂ. ಪೇ ಅವರದ್ದು, 1969. ಅದರ ಮುಂದೆ ಹೆನ್ರಿ ಮೂರ್ ಮಾಡಿದ ದೊಡ್ಡ ಕಂಚಿನ ಕಮಾನು, ಮಕ್ಕಳು ಅದರಡಿ ನುಗ್ಗಿ ಓಡುತ್ತಿರುತ್ತವೆ. ಈರೋ ಸಾರಿನೆನ್ 1954ರಲ್ಲಿ ಕಟ್ಟಿದ ಬ್ಯಾಂಕಿಗೆ ಸುತ್ತಲೂ ಗಾಜು. ಕ್ಯಾಷಿಯರ್‌ಗಳನ್ನು ಕಂಬಿಯ ಹಿಂದೆ ಕೂರಿಸುತ್ತಿದ್ದ ಕಾಲದಲ್ಲಿ ಒಳಗೆ ಒಂದು ಕಂಬಿಯೂ ಇರಲಿಲ್ಲ. ದುಡ್ಡಿದ್ದವರು ತಮ್ಮ ಬಂಗಲೆ ಚೆನ್ನಾಗಿ ಕಟ್ಟಿಸಿಕೊಳ್ಳುವುದು ಎಲ್ಲಾ ಊರಲ್ಲೂ ಇದ್ದದ್ದೇ (ಮಿಲ್ಲರ್ ಕೂಡ ಕಟ್ಟಿಸಿಕೊಂಡರು, ಈಗ ಟಿಕೆಟ್ ಕೊಟ್ಟು ನೋಡಬಹುದು). ಊರಿನ ಮಕ್ಕಳ ಶಾಲೆ ಚೆನ್ನಾಗಿರಲಿ ಅಂತ ಕೈ ಬಿಚ್ಚಿದವರು ಎಷ್ಟು ಜನ?

ನಿಮ್ಮ ಮಗಳಿಗೆ ಇದಕ್ಕಿಂತ ಮುಖ್ಯವಾದದ್ದು ವಾಷಿಂಗ್ಟನ್ ಸ್ಟ್ರೀಟಿನ ಕಾಮನ್ಸ್. ಅದು ಒಳಾಂಗಣ, ಹತ್ತಿ ಇಳಿಯುವ ಆಟದ ಜಾಗ ಪೂರ್ತಿ ಪುಕ್ಕಟೆ. ಅಲ್ಲೇ ಝ್ಯಾಂ ಟ್ಯಾಂಗ್ಲಿ ಎಂಬ ಶಿಲ್ಪಿ ಗುಜರಿ ಕಬ್ಬಿಣದಿಂದ ಮಾಡಿದ ಮೂವತ್ತಡಿಯ ಯಂತ್ರ ನಿಂತಿದೆ. ಚಾಲೂ ಮಾಡಿದಾಗ ಚಕ್ರ ತಿರುಗಿ, ಗುಂಡು ಉರುಳಿ, ಗಡಗಡ ಸದ್ದು. ಫೆಬ್ರವರಿಯಲ್ಲಿ ಹೊರಗೆ ಕಾಲಿಡಲಾಗದ ದಿನ ನಮ್ಮ ಮಗನನ್ನು ಬೆಳೆಸಿದ್ದು ಆ ಜಾಗವೇ. ಅದೇ ಬೀದಿಯಲ್ಲಿ 1900ರಿಂದ ಇರುವ ಝಹರಾಕೋಸ್ ಐಸ್‌ಕ್ರೀಂ ಅಂಗಡಿ. ಅಲ್ಲಿಗೆ ಒಮ್ಮೆ ಕರೆದುಕೊಂಡು ಹೋದರೆ ಮುಂದೆ ಪ್ರತಿ ವಾರ ಹಟ ಗ್ಯಾರಂಟಿ.

ಕೋರ್ಟ್‌ಹೌಸ್ ಪಕ್ಕದ ಯೋಧರ ಸ್ಮಾರಕದ ಬಗ್ಗೆ ಹೇಳಲೇಬೇಕು. ಸುಣ್ಣದ ಕಲ್ಲಿನ 25 ಕಂಬಗಳು, ಒಂದೊಂದೂ ನಲವತ್ತು ಅಡಿ, ಒತ್ತೊತ್ತಾಗಿ ನಿಂತಿವೆ. ಧಾರವಾಡದಿಂದ ಬಂದಿದ್ದ ನನ್ನವ್ವ ಅದರೊಳಗೆ ಹೊಕ್ಕು, "ಮೂಡಬಿದಿರೆ ಬಸದಿ ಇದ್ದಂಗ ಐತಲ್ಲೋ, ಮ್ಯಾಲ ಸೂರು ಹಾಕೋದ ಮರ್ತಾರ" ಅಂದಳು. ಆಮೇಲೆ ಕಲ್ಲಿನ ಮೇಲಿನ ಅಕ್ಷರದ ಮೇಲೆ ಬೆರಳಾಡಿಸಿ, ಏನು ಬರೆದಿದೆ ಅಂತ ಕೇಳಿದಳು. ಯುದ್ಧಕ್ಕೆ ಹೋಗಿ ವಾಪಸ್ ಬಾರದ ಈ ಕೌಂಟಿಯ ಹುಡುಗರು ಮನೆಗೆ ಬರೆದ ಪತ್ರಗಳು. ಒಂದೆರಡನ್ನು ಕನ್ನಡದಲ್ಲಿ ಹೇಳಿದೆ. ಮೂರನೆಯದಕ್ಕೆ "ಸಾಕು ಬಿಡು" ಅಂದಳು. ಆದರೆ ಇದ್ದ ಆರು ತಿಂಗಳೂ ಸಂಜೆ ವಾಕಿಂಗ್ ಅಲ್ಲಿಗೇ.

ಈಗ ಕಷ್ಟದ ಮಾತು. ಕಾರಿಲ್ಲದೆ ಇಲ್ಲಿ ಬದುಕಿಲ್ಲ. ಊರ ಬಸ್ಸಿನ ಹೆಸರೇ ಕೊಲಂ-ಬಸ್, ಹೆಸರು ಚೆನ್ನಾಗಿದೆ ಅಂತ ಅದನ್ನೇ ನಂಬಿ ಕೂರಬೇಡಿ. ನಿಮಗಿಂತ ಮೊದಲು ನಿಮ್ಮ ಹೆಂಡತಿ ಬಿಎಂವಿಗೆ ಹೋಗಿ ಡ್ರೈವಿಂಗ್ ಲೈಸೆನ್ಸ್ ಮಾಡಿಸಿಕೊಳ್ಳಲಿ (ನಮ್ಮ ಆರ್‌ಟಿಒ ಇದ್ದ ಹಾಗೆ; ಬೇರೆ ರಾಜ್ಯದವರು ಡಿಎಂವಿ ಅನ್ನುತ್ತಾರೆ, ಇಲ್ಲಿ ಬಿಎಂವಿ). ಇದೊಂದನ್ನು ಮುಂದೂಡಿದ ಮನೆಗಳಲ್ಲಿ ಮೊದಲ ಚಳಿಗಾಲ ಮುಗಿಯುವಷ್ಟರಲ್ಲಿ "ವಾಪಸ್ ಹೋಗೋಣ" ಶುರುವಾಗಿದ್ದನ್ನು ನೋಡಿದ್ದೇನೆ. ನಿಮ್ಮದು ಎಲ್-1, ಅಂದರೆ ಕಂಪನಿಯೊಳಗಿನ ವರ್ಗಾವಣೆಯ ವೀಸಾ ಆದರೆ, ನಿಮ್ಮ ಹೆಂಡತಿ ಅದರ ಜೊತೆಗೆ ಸಿಗುವ ಎಲ್-2ನಲ್ಲಿ ಕೆಲಸವನ್ನೂ ಮಾಡಬಹುದು. ಮಗಳಿಗೆ ಐದು ತುಂಬುವವರೆಗೆ ಕಿಂಡರ್‌ಗಾರ್ಟನ್ ಇಲ್ಲ, ಪ್ರಿಸ್ಕೂಲಿನ ಖರ್ಚು ಲೆಕ್ಕದಲ್ಲಿಟ್ಟುಕೊಳ್ಳಿ. ಬಾಡಿಗೆಗೇ ಆಗಲಿ, ಮನೆ ಹಾ ಕ್ರೀಕ್ ಹಳ್ಳದ ಹತ್ತಿರವಿದ್ದರೆ 2008ರ ಜೂನ್‌ನಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಕೇಳಿಯೇ ಸಹಿ ಹಾಕಿ. ಆ ವರ್ಷ ಊರಿನ ಆಸ್ಪತ್ರೆಗೇ ನೀರು ನುಗ್ಗಿ ರೋಗಿಗಳನ್ನು ಸಾಗಿಸಬೇಕಾಯಿತು. ಇನ್ನೊಂದು, ಊರೆಲ್ಲ ಒಂದೇ ಮರದ ನೆರಳಲ್ಲಿದೆ. ಇಂಜಿನ್ ಮಾರಾಟ ಇಳಿದ ವರ್ಷ ಕ್ಷೌರದಂಗಡಿಯಲ್ಲೂ ಅದೇ ಮಾತು.

ಊಟದ ಚಿಂತೆ ಬೇಡ. ತೊಗರಿಬೇಳೆ, ಕರಿಬೇವು ಸಿಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಪುಡಿ ಮತ್ತು ಕುಕ್ಕರ್ ಗ್ಯಾಸ್ಕೆಟ್ ಮಾತ್ರ ತನ್ನಿ. ದೇವಸ್ಥಾನಕ್ಕೆ, ದೊಡ್ಡ ಹಬ್ಬಕ್ಕೆ ಇಂಡಿಯಾನಾಪೊಲಿಸ್ ಇದ್ದೇ ಇದೆ. ತಿಂಗಳಿಗೊಮ್ಮೆ ಹೋಗುವುದಕ್ಕೆ ಆ 45 ಮೈಲಿ ಹೇಳಿ ಮಾಡಿಸಿದ ದೂರ. ಊರು ದಾಟಿದರೆ ಎರಡೂ ಕಡೆ ಮೆಕ್ಕೆಜೋಳ, ನಿಮಗೆ ದಾವಣಗೆರೆ ಬಿಟ್ಟ ಹಾಗೇ ಅನ್ನಿಸುವುದಿಲ್ಲ. ಮನೆಗೆ ಫೋನ್ ಮಾಡುವಾಗ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಕೂಡಿಸಿ.

ಟಿಕೆಟ್ ಬುಕ್ ಮಾಡುವ ಮುಂಚೆ ನನಗೊಮ್ಮೆ ಕಳಿಸಿ. ಇಳಿಯುವ ಊರು ಐಎನ್‌ಡಿ ಅಂತಿರಬೇಕು, ಅದು ಇಂಡಿಯಾನಾಪೊಲಿಸ್. ಸಿಎಂಎಚ್ ಅಂತಿದ್ದರೆ ಅದು ಒಹಾಯೋದ ಕೊಲಂಬಸ್, ಇಲ್ಲಿಂದ ಮೂರು ಗಂಟೆಗೂ ಮೀರಿದ ದಾರಿ. ನನ್ನ ಭಾವಮೈದುನ ಅಲ್ಲಿ ಇಳಿದು ಫೋನ್ ಮಾಡಿದ್ದ, "ಎಲ್ಲಿದ್ದೀರಿ, ಗೇಟಿನ ಹತ್ತಿರ ಕಾಣ್ತಾ ಇಲ್ಲ" ಅಂತ.