ಓದುಗರ ಪ್ರಶ್ನೆ: ಹಾಕಿ ಆಡುವ ಮಗ ಬ್ಯಾಲೆ ಕಲಿಯಬೇಕಂತೆ

ಪ್ರಶ್ನೆ: ಸಾರ್, ನಮ್ಮದು ಪೊನ್ನಂಪೇಟೆ ಹತ್ತಿರ ಸಣ್ಣ ಕಾಫಿ ತೋಟ. ಮಗನಿಗೆ 14 ವರ್ಷ, ಶಾಲೆಯ ಹಾಕಿ ಟೀಮಿನಲ್ಲಿದ್ದಾನೆ. ಫೋನಿನಲ್ಲಿ ಬ್ಯಾಲೆ ಅನ್ನುವ ಪಾಶ್ಚಾತ್ಯ ನೃತ್ಯ ನೋಡಿ ನೋಡಿ ಈಗ ಅದನ್ನೇ ಕಲಿಯಬೇಕು ಅಂತ ಹಟ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ನನ್ನ ಅಕ್ಕನ ಮನೆಯಲ್ಲಿದ್ದು ಒಂದು ತಿಂಗಳು ಕ್ಲಾಸಿಗೂ ಹೋಗಿ ಬಂದ. ಮಾವನವರು "ಅದು ಹೆಣ್ಣುಮಕ್ಕಳ ಕುಣಿತ, ಗಂಡು ಹುಡುಗನಿಗೆ ಯಾಕೆ" ಅಂತ ಮುಖ ತಿರುಗಿಸಿದ್ದಾರೆ. ಇವನೇನು ಬ್ಯಾಲೆಯಿಂದ ಹೊಟ್ಟೆ ಹೊರೆಯುವವನಲ್ಲ. ಹಾಗಿದ್ದ ಮೇಲೆ ಕಲಿತರೆ ಕೊನೆಗೆ ಉಳಿಯುವುದೇನು?
- ಹೆಸರು ಬೇಡ

ಉತ್ತರ: ತಂಗಿ, ಮೊದಲು ಮಾವನವರ ಮಾತು ಮುಗಿಸಿಬಿಡೋಣ. ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಅವರು ಕುರ್ಚಿಯಲ್ಲಿ ಸುಮ್ನೆ ಕೂತಿರುತ್ತಾರಾ? ಬೊಳಕಾಟ್‌ನಲ್ಲಿ ಚವರಿ ಹಿಡಿದು ದೀಪದ ಸುತ್ತ ಕುಣಿಯುವವರು ಗಂಡಸರೇ ಅಲ್ವಾ? ಪುತ್ತರಿ ಸುಗ್ಗಿ ಹಬ್ಬಕ್ಕೆ ಮಂದ್‌ನಲ್ಲಿ, ಅಂದರೆ ಊರ ಬಯಲಿನಲ್ಲಿ, ಕೋಲು ಹಿಡಿಯುವವರು ಯಾರು? ಪರಿಯಕಳಿ ಆಟದಲ್ಲಿ ಬೆತ್ತದ ಏಟು ಮೊಣಕಾಲಿನ ಕೆಳಗೆ ಬೀಳುವಾಗ ಕಾಲು ಚುರುಕಾಗಿ ಆಡದಿದ್ದರೆ ಗತಿ ಏನು? ಕುಣಿತ ಗಂಡಸರದ್ದಲ್ಲ ಅಂತ ಕೊಡಗಿನಲ್ಲಿ ಕೂತು ಹೇಳುವುದೇ ಸ್ವಲ್ಪ ತಮಾಷೆ.

ಬ್ಯಾಲೆಯ ಕಥೆಯೂ ಹಾಗೇ. ಫ್ರಾನ್ಸಿನ ರಾಜ 14ನೇ ಲೂಯಿ 1653ರಲ್ಲಿ ಸೂರ್ಯನ ವೇಷ ಹಾಕಿ ಅರಮನೆಯ ಬ್ಯಾಲೆಯಲ್ಲಿ ಕುಣಿದ. ಆಗ ಅವನಿಗೂ 14 ವರ್ಷ, ನಿಮ್ಮ ಮಗನಷ್ಟೇ. 1661ರಲ್ಲಿ ನೃತ್ಯಕ್ಕೆಂದೇ ಒಂದು ಅಕಾಡೆಮಿ ಕಟ್ಟಿಸಿದ. ಪ್ಯಾರಿಸ್ಸಿನ ಒಪೆರಾ ರಂಗದ ಮೇಲೆ ವೃತ್ತಿ ನರ್ತಕಿಯರು ಕಾಲಿಟ್ಟದ್ದು 1681ರಲ್ಲಿ, ಅಲ್ಲಿಯವರೆಗೆ ಹೆಣ್ಣು ಪಾತ್ರದ ಕುಣಿತವನ್ನೂ ಗಂಡಸರೇ ಮಾಡುತ್ತಿದ್ದರು, ನಮ್ಮ ಯಕ್ಷಗಾನದ ಹಾಗೆ. ಇಷ್ಟನ್ನು ಮಾವನವರಿಗೆ ಕಾಫಿ ಕೊಡುವಾಗ ಹೇಳಿ ನೋಡಿ.

ಇನ್ನು ಉಳಿಯುವುದೇನು ಅಂತ. ಇದಕ್ಕೆ ನನ್ನದೇ ಉದಾಹರಣೆ ಕೊಡಬೇಕು. ನನಗೀಗ 63. ಮುಂಬೈಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಗ, 22ರಿಂದ 26ರವರೆಗೆ, ಸಂಜೆ ಕ್ಲಾಸಿನಲ್ಲಿ ಬ್ಯಾಲೆ ಕಲಿತೆ. ಊರಿಗೆ ಹೇಳಿರಲಿಲ್ಲ, ಟೈಪಿಂಗ್ ಕ್ಲಾಸ್ ಅಂದಿದ್ದೆ. ದೊಡ್ಡ ನರ್ತಕನೇನೂ ಆಗಲಿಲ್ಲ. ರಂಗದ ಮೇಲೆ ಹತ್ತಿದ್ದು ಎರಡೇ ಸಲ, ಅದರಲ್ಲಿ ಒಂದು ಸಲ ಮರವಾಗಿ ನಿಂತಿದ್ದೆ.

ಕ್ಲಾಸ್ ಶುರುವಾಗುವುದು ಬಾರ್‌ನಿಂದ. ಬಾರ್ ಅಂದರೆ ಗೋಡೆಗೆ ಹಾಕಿದ ಕಂಬಿ, ಮಾವನವರು ಬೇರೆ ಏನೋ ಅಂದುಕೊಂಡಾರು. ಅದನ್ನು ಹಿಡಿದು ಮೊದಲು ಮಾಡುವುದು ಪ್ಲಿಯೆ. ಪಾದಗಳನ್ನು ಹೊರಗೆ ತಿರುಗಿಸಿ, ಬೆನ್ನು ನೆಟ್ಟಗಿಟ್ಟು, ಮೊಣಕಾಲು ಬಗ್ಗಿಸಿ ಇಳಿಯುವುದು. ಭರತನಾಟ್ಯದ ಅರೆಮಂಡಿ ನೋಡಿದವರಿಗೆ ಇದರ ಗುರುತು ಸಿಗುತ್ತದೆ. ಮೊದಲ ದಿನ ಬಂದ ಹುಡುಗನೂ ಪ್ಲಿಯೆಯಿಂದಲೇ ಶುರು ಮಾಡಬೇಕು, ಜಗತ್ತಿಗೇ ಗೊತ್ತಿರುವ ನರ್ತಕನೂ ಅದರಿಂದಲೇ ಶುರು ಮಾಡಬೇಕು. ನೆಗೆತದ ಗುಟ್ಟೆಲ್ಲ ಅದರಲ್ಲೇ ಇದೆ. ಹಾರುವಾಗ ನೂಕುವುದೂ ಅದೇ, ಇಳಿಯುವಾಗ ಹಿಡಿಯುವುದೂ ಅದೇ. ಮೊದಲು ಬೆರಳು, ಆಮೇಲೆ ಮುಂಗಾಲು, ಆಮೇಲೆ ಹಿಮ್ಮಡಿ, ಕೊನೆಗೆ ಮೊಣಕಾಲು ಬಗ್ಗಬೇಕು. ನಮ್ಮ ಟೀಚರಿಗೆ ವಯಸ್ಸಾಗಿತ್ತು, ನಾವು ನೆಗೆಯುವಾಗ ಕಣ್ಣು ಮುಚ್ಚಿ ಕೂರುತ್ತಿದ್ದರು. ನಿದ್ದೆ ಅಂದುಕೊಂಡಿದ್ದೆವು. ಅವರು ಕಿವಿಯಲ್ಲಿ ನೋಡುತ್ತಿದ್ದರು! ಧಡ್ ಅಂತ ಸದ್ದಾದರೆ ಯಾರು ಅಂತ ಕಣ್ಣು ತೆರೆಯದೇ ಹೆಸರು ಹಿಡಿದು ಬೈಯುತ್ತಿದ್ದರು.

ಎರಡು ವರ್ಷದ ಹಿಂದೆ ಜುಲೈ ಮಳೆಯಲ್ಲಿ ನಮ್ಮ ಹಿತ್ತಿಲ ಕಲ್ಲು ಮೆಟ್ಟಿಲ ಮೇಲೆ, ಪಾಚಿ ಕಟ್ಟಿತ್ತು, ಕೈಯಲ್ಲಿ ಹಾಲಿನ ಕ್ಯಾನ್ ಬೇರೆ, ಕಾಲು ಜಾರಿತು. ಯೋಚನೆ ಮಾಡಲು ಪುರುಸೊತ್ತು ಎಲ್ಲಿ? ಎರಡು ಮೆಟ್ಟಿಲು ಕೆಳಗೆ ಮೊಣಕಾಲು ಬಗ್ಗಿಸಿಕೊಂಡು ನಿಂತಿದ್ದೆ, ಹಾಲು ಅರ್ಧ ಚೆಲ್ಲಿತ್ತು, ನಾನು ಬಿದ್ದಿರಲಿಲ್ಲ. ಬ್ಯಾಲೆ ಬಿಟ್ಟು ಮೂವತ್ತೈದು ವರ್ಷದ ಮೇಲಾಗಿತ್ತು. ಅದಾದ ಮೇಲೆ ತೋಟದ ಕೆಲಸವೂ ಇತ್ತು, ನಡಿಗೆಯೂ ಇತ್ತು, ಎಲ್ಲ ಶ್ರೇಯಸ್ಸು ಬ್ಯಾಲೆಗೇ ಕೊಡುವುದು ತಪ್ಪು. ಆದರೆ ಹಾಗೆ ಇಳಿಯಲು ನನಗೆ ಬೇರೆ ಯಾರೂ ಕಲಿಸಿರಲಿಲ್ಲ.

ಎರಡನೆಯದು, ತಿದ್ದಿಸಿಕೊಳ್ಳುವ ಅಭ್ಯಾಸ. ಹದಿನಾಲ್ಕು ಹದಿನೈದರ ಹುಡುಗರಿಗೆ ತಪ್ಪು ತೋರಿಸಿದರೆ ಮೂಗಿನ ಮೇಲೆ ಸಿಟ್ಟು. ಬ್ಯಾಲೆ ಕ್ಲಾಸಿನಲ್ಲಿ ಗಂಟೆಗೆ ಇಪ್ಪತ್ತು ಸಲ ಭುಜ ಇಳಿಸು, ಗಲ್ಲ ಎತ್ತು, ಹೊಟ್ಟೆ ಒಳಗೆ ಅಂತ ಎಲ್ಲರೆದುರೇ ಹೇಳಿಸಿಕೊಳ್ಳಬೇಕು. ಟೀಚರ್ ಏನೂ ಹೇಳದೆ ಮುಂದೆ ಹೋದರೆ ಆಗ ಹೆದರಿಕೆ, ನನ್ನ ಕೈಬಿಟ್ಟರಾ ಅಂತ. ಮುಂದೆ ಬ್ಯಾಂಕಿನಲ್ಲಿ ಮ್ಯಾನೇಜರ್ ಫೈಲು ಎಸೆದರೂ ನನಗೆ ಅಷ್ಟೇನೂ ನೋಯುತ್ತಿರಲಿಲ್ಲ.

ಮೂರನೆಯದು ಹೇಳಲು ಸ್ವಲ್ಪ ಸಂಕೋಚ, ಆದರೂ ತಾಯಿಯಾದವರಿಗೆ ಹೇಳಬೇಕಾದ್ದು. ದೊಡ್ಡವರಾದ ಮೇಲೆ ಹುಡುಗರಿಗೆ ಜೋಡಿ ನೃತ್ಯ ಬರುತ್ತದೆ, ಹುಡುಗಿಯನ್ನು ಎತ್ತಬೇಕು. ನಾನು ಮೊದಲ ಸಲ ಎತ್ತಿದಾಗ ಏರಿಸಿದ್ದು ಸರಿಯಾಗಿತ್ತು, ಇಳಿಸಿದ್ದು ಕೆಟ್ಟದಾಗಿತ್ತು. ಆ ಹುಡುಗಿ ನನ್ನನ್ನೇ ನೋಡಿ, "ನಾನು ಮೂಟೆ ಅಲ್ಲ" ಅಂದಳು. ನಾನು ಕಾಫಿ ಮೂಟೆ ಎತ್ತಿಯೇ ಬೆಳೆದವನು ಅಂತ ಅವಳಿಗೆ ಹೇಗೆ ಗೊತ್ತಾಯಿತೋ! ಎತ್ತುವುದು ಬರೀ ತೋಳಿನ ಬಲದ ಕೆಲಸ ಅಲ್ಲ. ಅವಳು ಯಾವಾಗ ಉಸಿರು ತೆಗೆದುಕೊಳ್ಳುತ್ತಾಳೆ, ಯಾವಾಗ ನೆಗೆಯುತ್ತಾಳೆ ಅಂತ ಕಾಯಬೇಕು. ಕೈ ಎಲ್ಲಿಡಬೇಕೋ ಅಲ್ಲೇ ಇಡಬೇಕು, ನೋವಾಯಿತಾ ಅಂತ ಕೇಳಬೇಕು. ಹದಿನೇಳರ ಹುಡುಗನಿಗೆ ಇದನ್ನು ಕಲಿಸುವ ಜಾಗ ನಮ್ಮಲ್ಲಿ ಬೇರೆ ಯಾವುದಿದೆ ಹೇಳಿ.

ಎಲ್ಲ ಸಿಹಿಯೇ ಅಲ್ಲ. ಈ ವಯಸ್ಸಿನಲ್ಲಿ ಮೂಳೆ ಸರ್ರನೆ ಉದ್ದವಾಗುತ್ತದೆ, ಸ್ನಾಯು ಹಿಂದೆ ಉಳಿಯುತ್ತದೆ. ಮಂಡಿಚಿಪ್ಪಿನ ಕೆಳಗೆ ನೋವು ಅಂದರೆ ನೆಗೆತ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಪಾದ ಹೊರಗೆ ತಿರುಗುವುದು ಸೊಂಟದ ಕೀಲಿನಿಂದ ಬರಬೇಕು, ಮೊಣಕಾಲು ತಿರುಚಿ ತಂದರೆ ಹಾಳು. ಸಿಮೆಂಟ್ ನೆಲದ ಮೇಲೆ ನೆಗೆಸುವ ಕ್ಲಾಸಾದರೆ ಬೇಡ, ಸ್ವಲ್ಪ ಪುಟಿಯುವ ಹಲಗೆ ನೆಲ ಬೇಕು. ತೂಕ ಇಳಿಸು ಅಂತ ಹುಡುಗನಿಗೆ ಹೇಳುವ ಕಡೆಯಿಂದ ಆ ದಿನವೇ ಕರೆದುಕೊಂಡು ಬನ್ನಿ. ಮತ್ತೆ, ಗೆಳೆಯರು ಆಡಿಕೊಳ್ಳುತ್ತಾರೆ. ಅದಕ್ಕೆ ಔಷಧ ನನ್ನ ಹತ್ತಿರ ಇಲ್ಲ. ಅಪ್ಪ ಒಂದು ಸಲ ಕ್ಲಾಸಿಗೆ ಬಂದು ಕೂತರೆ ಅರ್ಧ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನು ವಿರಾಜಪೇಟೆ ಕಡೆ ಹಾಕಿ ಕೋಚ್. ನನ್ನ ಹುಡುಗನೊಬ್ಬ ಬ್ಯಾಲೆ ಅಂತ ಹೊರಟಿದ್ದಾನೆ. ಆಟ ಕೆಡುವುದಿಲ್ಲವೇ?

ಉತ್ತರ: ಕೋಚ್ ಸಾಹೇಬರೇ, ಮೇಲಿನ ಹುಡುಗ ನಿಮ್ಮವನೇ ಇರಬಹುದು ಅಂತ ನನಗೆ ಗುಮಾನಿ! ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ರಿಯೋ ಫರ್ಡಿನಾಂಡ್ ಹುಡುಗನಾಗಿದ್ದಾಗ ಲಂಡನ್ನಿನಲ್ಲಿ ನಾಲ್ಕು ವರ್ಷ ಬ್ಯಾಲೆ ಕಲಿತವರು. ಅಮೆರಿಕನ್ ಫುಟ್‌ಬಾಲ್‌ನ ಲಿನ್ ಸ್ವಾನ್ ಕೂಡ ಕಲಿತವರು, ಆ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ 1976ರಲ್ಲಿ ಅವರೇ ಶ್ರೇಷ್ಠ ಆಟಗಾರ. ಹಾಕಿಯಲ್ಲಿ ಹುಡುಗರು ಹೊತ್ತಿಡೀ ಬಗ್ಗಿ ಬಗ್ಗಿ ಓಡುತ್ತಾರೆ, ಸೊಂಟ ಬಿಗಿ, ತೊಡೆಯ ಹಿಂಭಾಗ ಬಿಗಿ. ಬ್ಯಾಲೆ ಅದಕ್ಕೆ ತದ್ವಿರುದ್ಧ ನಿಲ್ಲಿಸುತ್ತದೆ, ಕಣಕಾಲು ಗಟ್ಟಿ ಮಾಡುತ್ತದೆ. ಒಂದೇ ಎಚ್ಚರ: ಮ್ಯಾಚಿಗೆ ಸ್ವಲ್ಪ ಮೊದಲು ನಿಮಿಷಗಟ್ಟಲೆ ಕಾಲು ಎಳೆದು ಹಿಡಿಯುವ ಸ್ಟ್ರೆಚಿಂಗ್ ಬೇಡ, ಓಟದ ಚುರುಕು ಕಡಿಮೆಯಾಗುತ್ತದೆ. ಅದನ್ನು ರಾತ್ರಿ ಮಾಡಲಿ. ಎರಡೂ ಅಭ್ಯಾಸ ಒಂದೇ ದಿನ ಬಿದ್ದರೆ ಯಾವುದಾದರೂ ಒಂದರಲ್ಲಿ ಸ್ವಲ್ಪ ಬಿಡಿ, ನೀವೇ ಬಿಡಿ, ಅವನು ಬಿಡುವುದಿಲ್ಲ.

ಪ್ರಶ್ನೆ: ನನಗೆ 20, ಸೋಮವಾರಪೇಟೆ. ವಯಸ್ಸು ಮೀರಿತಾ ಅಂಕಲ್? ಎರಡು ಸುತ್ತು ತಿರುಗಿದರೆ ತಲೆಯೂ ತಿರುಗುತ್ತದೆ.

ಉತ್ತರ: ಮಗಾ, ದೆಹಲಿಯ ಇ-ರಿಕ್ಷಾ ಚಾಲಕರ ಮಗ ಕಮಲ್ ಸಿಂಗ್ ಬ್ಯಾಲೆ ಶುರು ಮಾಡಿದ್ದು 17ಕ್ಕೆ, 2020ರಲ್ಲಿ ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಬ್ಯಾಲೆ ಶಾಲೆಗೆ ಆಯ್ಕೆಯಾದ. ಅದು ಲಕ್ಷಕ್ಕೊಬ್ಬರ ಮಾತು, ಅವನು ದಿನಕ್ಕೆ ಎಷ್ಟು ಬೆವರು ಸುರಿಸಿದ್ದಾನೆ ಅಂತ ಮರೆಯಬೇಡ. ವೃತ್ತಿಗೆ ತಡವಾಯಿತು ಅಂತಲೇ ಇಟ್ಟುಕೋ. ನಿನ್ನ ಮೈಗೆ ತಡವಾಗಿಲ್ಲ. ತಲೆ ತಿರುಗುವುದಕ್ಕೆ ಉಪಾಯ ಇದು: ಗೋಡೆಯ ಮೇಲೆ ಒಂದು ಗುರುತು ಹಿಡಿ, ಮೈ ತಿರುಗಿದರೂ ಕಣ್ಣು ಆದಷ್ಟು ಹೊತ್ತು ಅಲ್ಲೇ ಇರಲಿ, ಕೊನೆಗೆ ತಲೆ ಥಟ್ಟನೆ ತಿರುಗಿಸಿ ಮತ್ತೆ ಅದನ್ನೇ ಹಿಡಿ. ವರ್ಷಗಟ್ಟಲೆ ಕಲಿತ ನರ್ತಕಿಯರ ಮಿದುಳು ಈ ಸುತ್ತಿಗೆ ಒಗ್ಗಿಕೊಂಡಿರುತ್ತದೆ ಅಂತ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2013ರಲ್ಲಿ ತೋರಿಸಿದ್ದಾರೆ. ನಿನ್ನದೂ ಒಗ್ಗುತ್ತದೆ. ಊಟ ಆದ ಕೂಡಲೇ ಮಾತ್ರ ಸುತ್ತಬೇಡ.

ಪ್ರಶ್ನೆ: ಗಂಡಸರೂ ಆ ಬಿಗಿ ಚಡ್ಡಿ ಹಾಕಲೇಬೇಕಾ?

ಉತ್ತರ: ಕಾಲು ಸರಿಯಾಗಿದೆಯಾ ಅಂತ ಟೀಚರಿಗೆ ಕಾಣಬೇಕಲ್ಲ. ಶುರುವಿನಲ್ಲಿ ಮೈಗಂಟುವ ಟ್ರ್ಯಾಕ್ ಪ್ಯಾಂಟ್ ಸಾಕು. ಬೆರಳ ತುದಿಯ ಮೇಲೆ ನಿಲ್ಲುವ ಗಟ್ಟಿ ಮೂತಿಯ ಬೂಟು ಸಾಮಾನ್ಯವಾಗಿ ಗಂಡಸರಿಗಿಲ್ಲ. ಮೆತ್ತನೆ ಚಪ್ಪಲಿಯಂಥದ್ದು ಸಾಕು.

ಪ್ರಶ್ನೆ: ನನಗೆ 68, ನಾಪೋಕ್ಲು. ಮೊಮ್ಮಗ ಕಲಿಯುತ್ತಿದ್ದಾನೆ. ನನಗೂ ಏನಾದರೂ ಉಂಟಾ?

ಉತ್ತರ: ಉಂಟು ಅಣ್ಣ. ಕುರ್ಚಿಯ ಬೆನ್ನು ಹಿಡಿದು ನಿಂತು, ನಿಧಾನಕ್ಕೆ ಎರಡೂ ಹಿಮ್ಮಡಿ ಎತ್ತಿ, ಅದಕ್ಕಿಂತ ನಿಧಾನಕ್ಕೆ ಇಳಿಸಿ. ಹತ್ತು ಸಲ. ಆಮೇಲೆ ಒಂದು ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲಿ, ಮತ್ತೆ ಇನ್ನೊಂದು. ಮೊಮ್ಮಗ ಪಕ್ಕದಲ್ಲಿದ್ದರೆ ಒಳ್ಳೆಯದು, ಅವನು ನಿಮ್ಮನ್ನು ತಿದ್ದಲಿ. ಕುರ್ಚಿ ಮಾತ್ರ ಮರದ್ದೇ ಇರಲಿ, ಪ್ಲಾಸ್ಟಿಕ್‌ದು ನಿಮಗಿಂತ ಮೊದಲು ಬೀಳುತ್ತದೆ.