ತುದಿಗಾಲ ನಡಿಗೆ: ಸ್ಪ್ಲಿಂಟ್ ಒಂದೇ ಸಾಕೇ?

ಪ್ರಶ್ನೆ: ಮಗಳಿಗೆ 6 ವರ್ಷ. ಬಲಭಾಗಕ್ಕೆ ಮಾತ್ರ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಬರುವ ಚಲನೆಯ ತೊಂದರೆ). ಬಲಗಾಲಿನ ಹಿಮ್ಮಡಿ ನೆಲ ಮುಟ್ಟುವುದಿಲ್ಲ, ಹೆಜ್ಜೆ ಊರಿದಾಗ ಮಂಡಿ ಹಿಂದಕ್ಕೆ ಬಾಗುತ್ತದೆ. ಸ್ಪ್ಲಿಂಟ್ (ಪಾದ, ಕಣಕಾಲನ್ನು ಹಿಡಿದಿಡುವ ಆಸರೆ) ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಮೀನಖಂಡ ಎಷ್ಟು ಬಿಗಿಯಾಗಿದೆ ಎಂಬುದರ ಮೇಲೆ ಅದು ನಿಂತಿದೆ. 1987ರಲ್ಲಿ ವಿಂಟರ್ಸ್, ಗೇಜ್ ಮತ್ತು ಹಿಕ್ಸ್ ಎಂಬ ಸಂಶೋಧಕರು ಒಂದೇ ಬದಿಯ ಸೆರೆಬ್ರಲ್ ಪಾಲ್ಸಿಯ ನಡಿಗೆಯನ್ನು 4 ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಕಾಲು ಎತ್ತಿದಾಗ ಮಾತ್ರ ಪಾದ ಜೋಲುತ್ತದೆ; ಹಗುರವಾದ, ಬಳುಕುವ ಸ್ಪ್ಲಿಂಟ್ ಸಾಕು. ನೀವು ಬರೆದಿರುವುದು ಎರಡನೆಯದನ್ನು ಹೋಲುತ್ತದೆ. ಬಿಗಿದ ಮೀನಖಂಡ ಕೆಳಗಾಲನ್ನು ಪಾದದ ಮೇಲೆ ಮುಂದಕ್ಕೆ ವಾಲಲು ಬಿಡುವುದಿಲ್ಲ, ಮೈಭಾರ ಮುಂದೆ ಸಾಗಿದಾಗ ಮಂಡಿ ಹಿಂದಕ್ಕೆ ನೂಕಲ್ಪಡುತ್ತದೆ. ಅಂದರೆ ತೊಂದರೆಯ ಬೇರು ಮಂಡಿಯಲ್ಲಿಲ್ಲ, ಕಣಕಾಲಿನಲ್ಲಿದೆ. ಮೂರನೆಯದರಲ್ಲಿ ಹೆಜ್ಜೆ ಎತ್ತುವಾಗ ಮಂಡಿ ಸಾಕಷ್ಟು ಮಡಚುವುದಿಲ್ಲ. ನಾಲ್ಕನೆಯದರಲ್ಲಿ ಸೊಂಟದ ಕೀಲೂ ಸೇರುತ್ತದೆ.

ಫಿಸಿಯೋಥೆರಪಿಸ್ಟ್ ಬಳಿ ಒಂದು ಪರೀಕ್ಷೆ ಕೇಳಿ. ಮಗುವನ್ನು ಮಲಗಿಸಿ, ಪಾದವನ್ನು ಮೇಲಕ್ಕೆ ಒತ್ತಬೇಕು, ಮೊದಲು ಮಂಡಿ ಮಡಚಿ, ಆಮೇಲೆ ಮಂಡಿ ನೇರ ಮಾಡಿ. ಮಡಚಿದಾಗ ಪಾದ ಮೇಲೆ ಬಂದು, ನೇರ ಮಾಡಿದಾಗ ಬಾರದಿದ್ದರೆ ಬಿಗಿತ ಮೀನಖಂಡದ ಮೇಲುಸ್ನಾಯುವಿನದು. ಎರಡರಲ್ಲೂ ಬಾರದಿದ್ದರೆ ಒಳಸ್ನಾಯುವೂ ಕುಗ್ಗಿದೆ. ಒತ್ತುವಾಗ ಹಿಮ್ಮಡಿಯನ್ನು ನೇರವಾಗಿ ಹಿಡಿಯದಿದ್ದರೆ ಪಾದದ ನಡುಭಾಗವೇ ಬಾಗಿ ಮೋಸ ಮಾಡುತ್ತದೆ.

ಪಾದ ಲಂಬಕೋನಕ್ಕೆ ಬರುವುದಾದರೆ, ಕೆಳಕ್ಕೆ ಚಾಚದಂತೆ ತಡೆಯಿರುವ ಸ್ಪ್ಲಿಂಟ್ ಮಂಡಿಯನ್ನೂ ಕಾಯುತ್ತದೆ. ಬಾರದ ಪಾದವನ್ನು ದಯವಿಟ್ಟು ಬಲವಂತವಾಗಿ ಸ್ಪ್ಲಿಂಟ್ ಒಳಗೆ ತುರುಕಬೇಡಿ: ಹಿಮ್ಮಡಿ ಒಳಗೇ ಮೇಲೇಳುತ್ತದೆ, ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಆಗ ಮೊದಲು ಪಾದವನ್ನು ಸ್ವಲ್ಪಸ್ವಲ್ಪವೇ ಮೇಲಕ್ಕೆ ತರುವ ಹಂತಹಂತದ ಪ್ಲಾಸ್ಟರ್ ಬೇಕಾಗಬಹುದು. ಸ್ನಾಯು ಸೆಡೆತವೇ ಹೆಚ್ಚಿದ್ದರೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು. ಸ್ಪ್ಲಿಂಟ್ ತೆಗೆದಾಗಲೆಲ್ಲ ಚರ್ಮ ನೋಡಿ. 20-30 ನಿಮಿಷದಲ್ಲಿ ಕೆಂಪು ಮಾಯದಿದ್ದರೆ ಸ್ಪ್ಲಿಂಟನ್ನು ತಿದ್ದಿಸಬೇಕು.